ಬುಡಕ್ಕೂ ತಾಮ್ರ

ಆರ್ವಿಡ್ ಸ್ಲೆಟ್ಟನ್ ಬಾಯಿ ತೆರೆದರೆ ಡ್ರೈ ಫೋರ್ಕ್ ಊರಿನ ಗಾಳಿಯೂ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿತ್ತು. ಆ ಗಾಳಿಯೇನು ಸಾಮಾನ್ಯದ್ದಲ್ಲ. ಮೊಂಟಾನಾದ ಆ ಮೂಲೆಯಲ್ಲಿ ಬೇಲಿಯ ಕಂಬಗಳೆಲ್ಲ ಹುಟ್ಟಿದಂದಿನಿಂದ ಪೂರ್ವಕ್ಕೆ ಬಾಗಿಯೇ ನಿಂತಿವೆ. ಗಾಳಿ ನಿಂತ ದಿನ ಏನು ಮಾಡಬೇಕೆಂದು ತಿಳಿಯದೆ ಒಂದರ ಮುಖ ಒಂದು ನೋಡಿಕೊಳ್ಳುತ್ತವೆ. ಅಂಥ ಗಾಳಿಯನ್ನು ಮಾತಿನಲ್ಲಿ ಸೋಲಿಸಿದವನು ಆರ್ವಿಡ್. ರೈಲು ಹಳಿ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಹಳಿಗೆ ಕಿವಿಯಿಟ್ಟು ನಾಳೆಯ ಗಾಡಿಯ ಸದ್ದನ್ನು ಇವತ್ತೇ ಕೇಳುತ್ತಿದ್ದನಂತೆ. ಇದಕ್ಕೆ ಸಾಕ್ಷಿಯೂ ಅವನೇ.

ಈ ವರ್ಷ ಅವನ ಮಾತೆಲ್ಲ ಒಂದು ಟರ್ಕಿ ಕೋಳಿಯ ಸುತ್ತ ತಿರುಗುತ್ತಿತ್ತು. ಸೆಪ್ಟೆಂಬರಿನ ಕೊನೆಯ ಶನಿವಾರ ಊರ ಕ್ಲಬ್ಬಿನ ಪಿಸ್ತೂಲು ಪಂದ್ಯ, ಗೆದ್ದವರಿಗೆ ಟರ್ಕಿ. ಅದು ಎಷ್ಟು ದೊಡ್ಡದೆಂದರೆ ಬೇಯಿಸಬೇಕಾದರೆ ಮೊದಲು ಓವನ್ನಿನ ಬಾಗಿಲು ಕಳಚಬೇಕು, ಆಮೇಲೆ ಅಡುಗೆಮನೆಯ ಗೋಡೆ. ಹೋದ ವರ್ಷ ಅದನ್ನು ದನಕರು ಸಾಕುವ ಎಲ್ಡನ್ ಪ್ರಾಟ್ ಒಂದೇ ಒಂದು ಅಂಕದಿಂದ ಹೊತ್ತುಕೊಂಡು ಹೋಗಿದ್ದ. ಅಂದಿನಿಂದ ಆರ್ವಿಡ್ ಅಂಗಡಿ, ಚರ್ಚು, ಪೆಟ್ರೋಲ್ ಬಂಕು ಎನ್ನದೆ ಸಾರಿಕೊಂಡು ಬಂದಿದ್ದ: ಈ ಸಲ ಎಲ್ಡನ್‌ಗೆ ಸಿಗುವುದು ಪುಕ್ಕ ಮಾತ್ರ.

ಈ ಮಾತಿಗೆ ಬುಡವಿಲ್ಲದೆ ಇರಲಿಲ್ಲ. ಮನೆಯ ನೆಲಮಾಳಿಗೆಯಲ್ಲಿ ಆರ್ವಿಡ್ ತನ್ನ ತೋಟಾಗಳನ್ನು ತಾನೇ ತುಂಬುತ್ತಿದ್ದ. ಹಿತ್ತಾಳೆಯ ಖಾಲಿ ಕೊಳವೆಗೆ ಕಿಡಿ ಹೊತ್ತಿಸುವ ಹೊಸ ಕೇಪು, ಅದರ ಮೇಲೆ ಅಳೆದ ಮದ್ದು, ಅದರ ಮೇಲೆ ಗುಂಡು, ಕೊನೆಗೆ ಪ್ರೆಸ್ಸಿನ ಹಿಡಿ ಎಳೆದು ಕೊಳವೆಯ ಬಾಯಿ ಬಿಗಿಯುವುದು. ಗುಂಡನ್ನೂ ಅವನೇ ಎರಕ ಹೊಯ್ಯುತ್ತಿದ್ದ. ಸೀಸ ಕರಗಿ ಕನ್ನಡಿಯಂತೆ ನಿಂತಾಗ ಅದರಲ್ಲಿ ಕಾಣುವ ತನ್ನ ಮುಖಕ್ಕೆ ಒಂದು ನಮಸ್ಕಾರ ಹಾಕಿ, ಅಚ್ಚಿಗೆ ಸುರಿದು, ತಣಿದ ಗುಂಡುಗಳನ್ನು ಮೊಸರಿನ ಡಬ್ಬಿಯಲ್ಲಿ ಕೆಂಪು ಪುಡಿಯ ಜೊತೆ ಕುಲುಕಿ, ಹಳೆಯ ಓವನ್ನಿನಲ್ಲಿ ಬೇಯಿಸುತ್ತಿದ್ದ. ಹೊರಗೆ ಬಂದಾಗ ಅವು ಹಬ್ಬದ ಮಿಠಾಯಿಯಂತೆ ಕೆಂಪಗೆ ಕೂತಿರುತ್ತಿದ್ದವು. ಆ ಬಣ್ಣದ ಲೇಪ ಸೀಸವನ್ನು ನಳಿಗೆಗೆ ಅಂಟಲು ಬಿಡದು. ಹೊಗೆ ಕಡಿಮೆ, ಗುರಿ ನೇರ. ಅಪ್ಪ ಹಾಲ್ವರ್ ಬಿಟ್ಟುಹೋದ ಪಾಯಿಂಟ್ ನಲವತ್ತೈದು ಗಾತ್ರದ ರಿವಾಲ್ವರಿಗೆ ಈ ಕೆಂಪು ಗುಂಡು ಕೊಟ್ಟರೆ ಇಪ್ಪತ್ತೈದು ಗಜದಲ್ಲಿ ಆರಕ್ಕೆ ಆರೂ ಒಂದು ಬಿಸ್ಕತ್ತಿನ ಅಗಲದೊಳಗೆ. ಇಷ್ಟು ಮಾತ್ರ ಆರ್ವಿಡ್ ಉಪ್ಪುಖಾರ ಹಚ್ಚದೆ ಹೇಳುತ್ತಿದ್ದ ನಿಜ.

ಆಗಸ್ಟಿನ ಒಂದು ಮಧ್ಯಾಹ್ನ ಅವನ ಅಕ್ಕ ಸಿಗ್ನೆ ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದಳು. ಎಪ್ಪತ್ತೆಂಟು ವರ್ಷದ ಹೆಂಗಸು. ಜಲ್ಲಿ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿ ಅರ್ಧ ಜಿಲ್ಲೆಯನ್ನು ದಡ ಮುಟ್ಟಿಸಿದವಳು. ಅವಳ ಒಂದು ನೋಟಕ್ಕೆ ಬಸ್ಸಿನ ಹಿಂದಿನ ಸೀಟಿನ ಪುಂಡರು ಹೈಸ್ಕೂಲು ಮುಗಿಯುವವರೆಗೆ ಕೈಕಟ್ಟಿ ಕೂತಿದ್ದುಂಟು. ಆ ಕಣ್ಣಿಗೇ ಈಗ ಕಷ್ಟ ಬಂದಿತ್ತು. ನೋಟದ ನಟ್ಟನಡುವೆ ಒಂದು ಬೂದು ಕಲೆ ಕೂತು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿತ್ತು.

"ಬಿಲ್ಲಿಂಗ್ಸಿನ ಡಾಕ್ಟ್ರು ಏನಂದ್ರು?" ಎಂದ ಆರ್ವಿಡ್.

"ಹಿಮ ಬೀಳೋ ಹೊತ್ತಿಗೆ ನಡುವಿಂದೆಲ್ಲ ಹೋಗುತ್ತಂತೆ. ಅಂಚು ಉಳಿಯುತ್ತಂತೆ." ಅವಳು ಸ್ಟೂಲು ತಡವಿ ಕೂತಳು. "ಈಗ್ಲೇ ನಿನ್ನ ನೋಡಿದ್ರೆ ಎರಡು ಕಿವಿ ಮಾತ್ರ ಕಾಣ್ಸುತ್ತೆ ಕಣೋ. ಬಾಯಿ ಕಾಣಲ್ಲ, ಕೇಳ್ಸುತ್ತೆ ಅಷ್ಟೆ. ದೇವರು ಅರ್ಧ ಉಪಕಾರ ಮಾಡಿದಾನೆ."

ಆರ್ವಿಡ್ ನಗಲಿಲ್ಲ. ಅವಳು ಬೆಂಚಿನ ಮೇಲಿನ ಒಂದು ಕೆಂಪು ಗುಂಡನ್ನೆತ್ತಿ ಬೆರಳ ನಡುವೆ ಹೊರಳಿಸಿದಳು.

"ಅಪ್ಪ ಹೇಳ್ತಿದ್ದದ್ದು ಜ್ಞಾಪಕ ಇದ್ಯಾ? ಬೆನ್ನಿಗೆ ಸೂರ್ಯ ಇಟ್ಕೊಂಡು, ಹೊಡೆಯೋನ ಭುಜದ ಹಿಂದೆ ನಿಂತ್ರೆ ಗುಂಡು ಹಾರೋದು ಕಣ್ಣಿಗೆ ಕಾಣ್ಸುತ್ತೆ ಅಂತ."

"ಅದೇನು ಮಹಾ. ನಾನು ಸಾವಿರ ಸಲ ನೋಡಿದೀನಿ."

"ನಾನು ಒಂದು ಸಲಾನೂ ನೋಡಿಲ್ಲ. ಇವತ್ತಲ್ಲ ನಾಳೆ ನೋಡಿದ್ರಾಯ್ತು ಅಂದ್ಕೊಂಡೇ ವಯಸ್ಸಾಯ್ತು. ಕಣ್ಣು ಹೋಗೋ ಮುಂಚೆ ಒಂದೇ ಒಂದು ಗುಂಡು ಹಾರೋದು ನೋಡ್ಬೇಕು ತಮ್ಮಾ."

ಸಿಗ್ನೆ ಯಾರನ್ನೂ ಏನೂ ಕೇಳಿದವಳಲ್ಲ. ಟೈರು ಸಿಡಿದಾಗಲೂ ಬಸ್ಸನ್ನು ತಾನೇ ಎತ್ತಿ ಹಿಡಿದು ತಾನೇ ಟೈರು ಹಾಕಿದಳೆಂದು ಊರಲ್ಲಿ ಹೇಳುತ್ತಾರೆ. ಅಂಥವಳು ಕೇಳಿದ್ದು ಇದೊಂದು. ಮರುದಿನ ಸಂಜೆ ಆರ್ವಿಡ್ ಅವಳನ್ನು ಗುರಿಮೈದಾನಕ್ಕೆ ಕರೆದುಕೊಂಡು ಹೋಗಿ ಭುಜದ ಹಿಂದೆ ನಿಲ್ಲಿಸಿ ಕೆಂಪು ಗುಂಡು ಹೊಡೆದ. ಅವಳಿಗೆ ಏನೂ ಕಾಣಲಿಲ್ಲ. ಸುಟ್ಟ ಬಣ್ಣಕ್ಕೆ ಹೊಳಪೆಲ್ಲಿಂದ ಬರಬೇಕು? ಎದುರಿನ ಗುಡ್ಡವೂ ಆ ಹೊತ್ತಿಗೆ ಕೆಂಪು.

ಹೊಳೆಯುವ ಗುಂಡು ಬೇಕಿತ್ತು. ತಾಮ್ರದ ಕವಚ ತೊಡಿಸಿದ ಗುಂಡು ಅಂಗಡಿಯಲ್ಲಿ ಬೇಕಾದಷ್ಟಿತ್ತು. ಆದರೆ ಆ ಕವಚ ಆಸ್ಪತ್ರೆಯ ಅಂಗಿಯ ಹಾಗೆ, ಮುಂದೆ ಮರ್ಯಾದೆ, ಹಿಂದೆ ಬಯಲು. ಬುಡದಲ್ಲಿ ಬರೀ ಸೀಸ. ಹೊಡೆಯುವವನ ಹಿಂದೆ ನಿಂತವರಿಗೆ ಕಾಣುವುದು ಗುಂಡಿನ ಬುಡವೇ ತಾನೆ. ಬುಡಕ್ಕೂ ತಾಮ್ರ ಬೇಕೆಂದರೆ ಗಿಲೀಟು ಮಾಡಿದ ಗುಂಡೇ ಆಗಬೇಕು. ಅದನ್ನು ಇಡಿಯಾಗಿ ದ್ರಾವಣದಲ್ಲಿ ಮುಳುಗಿಸಿ ಮೈಗೆಲ್ಲ ತಾಮ್ರ ಕೂರಿಸಿರುತ್ತಾರೆ. ಆರ್ವಿಡ್ ಜನ್ಮಪೂರ್ತಿ ಅದನ್ನು ಹೀಗಳೆದವನು. "ಗಿಲೀಟು ಒಡವೆ ಹಾಕ್ಕೊಂಡು ಮದುವೆಗೆ ಹೋಗೋರ ಗುಂಡು ಅದು" ಎಂದು ಎಲ್ಡನ್‌ನ ಮುಖಕ್ಕೇ ಹೇಳಿದ್ದ. ಈಗ ಕದ್ದುಮುಚ್ಚಿ ಒಂದು ಪೆಟ್ಟಿಗೆ ತರಿಸಿದ. ಮುಚ್ಚಳ ತೆಗೆದಾಗ ನೆಲಮಾಳಿಗೆಗೆ ಬೆಳಗಾದಂತಾಯಿತು. ಜೇಡ ಎದ್ದು ಬಲೆ ಗುಡಿಸಿತು.

ತುಂಬಿದ, ಹೊಡೆದ. ಕಾಗದದ ಗುರಿಯ ಮೇಲೆ ದುಂಡಗಿನ ತೂತಿನ ಬದಲು ಉದ್ದುದ್ದ ಸೀಳುಗಳು. ಗುಂಡುಗಳು ಗಾಳಿಯಲ್ಲಿ ಪಲ್ಟಿ ಹೊಡೆದು ಅಡ್ಡಡ್ಡ ಹೋಗಿದ್ದವು. ಒಂದಂತೂ ಕಾಗದವನ್ನೇ ಮುಟ್ಟದೆ ಕೆನಡಾದ ಕಡೆ ಹೋಗಿರಬೇಕು.

"ನೋಡು, ಗಿಲೀಟಿನ ಬುದ್ಧಿ," ಎಂದು ಆರ್ವಿಡ್ ಕಾಗದ ಒದರಿದ.

ಸಿಗ್ನೆ ಉಳಿದ ತೋಟಾಗಳಲ್ಲಿ ಒಂದನ್ನು ಬಿಚ್ಚಲು ಹೇಳಿದಳು. ಅದಕ್ಕೆಂದೇ ಇರುವ ಟೊಳ್ಳು ಸುತ್ತಿಗೆಯೊಳಗೆ ಅದನ್ನು ಸಿಕ್ಕಿಸಿ ಆರ್ವಿಡ್ ಸಿಮೆಂಟಿಗೆ ಬಡಿದ. ಗುಂಡು ಕಳಚಿ ಬಂತು. ಅವಳು ಅದರ ಸೊಂಟದ ಮೇಲೆ ಉಗುರಾಡಿಸಿದಳು.

"ಇಲ್ಲಿ ಬಳೆ ಥರ ಸೀಳಿದೆ. ತಾಮ್ರದ ಚರ್ಮ ಕುಯ್ದು ಹಾಕಿದೀಯ."

ನಿಜವೇ. ಕೆಂಪು ಗುಂಡಿನ ಸುತ್ತ ಒಂದು ಕಾಲುವೆ ಇರುತ್ತದೆ. ಕೊಳವೆಯ ಬಾಯಿಯನ್ನು ಎಷ್ಟೇ ಬಿಗಿದರೂ ಅಂಚು ಅದರೊಳಗೆ ಕೂರುತ್ತದೆ. ಗಿಲೀಟಿನ ಗುಂಡಿಗೆ ಕಾಲುವೆಯಿಲ್ಲ, ತಾಮ್ರವೋ ಈರುಳ್ಳಿ ಸಿಪ್ಪೆಯಷ್ಟು ತೆಳು. ಆರ್ವಿಡ್ ತನ್ನ ಬಾಯಿಗಿಲ್ಲದ ಬಿಗಿಯನ್ನೆಲ್ಲ ತೋಟಾಗಳ ಬಾಯಿಗೆ ಕೊಟ್ಟಿದ್ದ.

"ಮೆತ್ತಗೆ ಹಿಡಿಯೋದು ನಿನ್ನ ಜಾತಕದಲ್ಲೇ ಇಲ್ಲ," ಎಂದಳು ಸಿಗ್ನೆ. "ಪ್ರೆಸ್ಸಿನ ಸ್ಕ್ರೂ ಹಿಂದಕ್ಕೆ ತಿರುಗ್ಸು."

ತಿರುಗಿಸಿದ. ಕೆಟ್ಟವನ್ನೆಲ್ಲ ಬಿಚ್ಚಿ ಹಾಕಿ, ಹೊಸ ಗುಂಡುಗಳನ್ನು ಮಲಗಿದ ಮಗುವಿಗೆ ಟೋಪಿ ಹಾಕಿದಷ್ಟು ಹಗುರವಾಗಿ ಕೂರಿಸಿದ. ಈಗ ತೂತು ದುಂಡಗೆ ಬಿದ್ದವು. ಆದರೆ ಅಪ್ಪನ ರಿವಾಲ್ವರಿಗೆ ತಾಮ್ರ ಒಗ್ಗಲಿಲ್ಲ. ಕೆಂಪು ಗುಂಡು ಬಿಸ್ಕತ್ತಿನ ಅಗಲಕ್ಕೆ ಬೀಳುವಲ್ಲಿ ಇದು ತಟ್ಟೆಯ ಅಗಲಕ್ಕೆ. ಪಂದ್ಯಕ್ಕೆ ಸಾಲದು, ಸಿಗ್ನೆಗೆ ಸಾಕು ಎಂದುಕೊಂಡ.

ಅಷ್ಟರಲ್ಲಿ ಇಡಾಹೊದ ಕಾಡಿಗೆ ಬೆಂಕಿ ಬಿತ್ತು. ಹೊಗೆ ಬೆಟ್ಟ ದಾಟಿ ಬಂದು ಡ್ರೈ ಫೋರ್ಕಿನ ಮೇಲೆ ಕಂಬಳಿ ಹೊದಿಸಿತು. ಸೂರ್ಯ ಕೊಳೆತ ಮೊಟ್ಟೆಯ ಹಳದಿಯಂತೆ ನೇತಾಡಿದ. ಹೊಗೆ ಎಷ್ಟು ದಟ್ಟವೆಂದರೆ ಎಲ್ಡನ್‌ನ ಹಸುಗಳು ಒಂದರ ಬಾಲ ಒಂದು ಕಚ್ಚಿಕೊಂಡು ಮೇಯಲು ಹೋಗುತ್ತಿದ್ದವು. ಸೆಪ್ಟೆಂಬರ್ ಪೂರ್ತಿ ಹೀಗೇ. ಪ್ರತಿ ಸಂಜೆ ಅಕ್ಕ ತಮ್ಮ ಮೈದಾನದ ಅಂಚಿನಲ್ಲಿ ಪಿಕಪ್ ನಿಲ್ಲಿಸಿ ಕಾಯುವರು, ಕಾಫಿ ಕುಡಿಯುವರು, ಮನೆಗೆ ಹೋಗುವರು. ಸಿಗ್ನೆಯ ಕಲೆ ಮಾತ್ರ ಯಾವ ಹೊಗೆಗೂ ಕಾಯದೆ ಬೆಳೆಯಿತು. ಪಂದ್ಯ ಮುಗಿದರೆ ಮೈದಾನಕ್ಕೆ ಬೀಗ. ಆಮೇಲೆ ಬೇಟೆಯ ಕಾಲ, ಅದರ ಹಿಂದೆ ಹಿಮ.

ಪಂದ್ಯದ ಹಿಂದಿನ ರಾತ್ರಿ ಗಾಳಿ ತಿರುಗಿತು. ಬೆಳಿಗ್ಗೆ ನೋಡಿದರೆ ಆಕಾಶ! ಅದನ್ನು ಯಾರೋ ಹರವಿ, ತೊಳೆದು, ನಾಲ್ಕು ಮೂಲೆಗೆ ಎಳೆದು ಕಟ್ಟಿದ್ದರು. ನಾಡಿದ್ದು ಬರುವ ಮೋಡದ ಮೂಗಿನ ತುದಿಯೂ ಕಾಣುತ್ತಿತ್ತು. ಊರಿನವರು ಬಾಗಿಲಿಗೆ ಬಂದು ತಲೆಯೆತ್ತಿ ನಿಂತರು. ತಿಂಗಳಿಂದ ನೋಡದ ನೀಲಿಯನ್ನು ಹೇಗೆ ಮಾತಾಡಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

ಆರ್ವಿಡ್ ಪಿಕಪ್ಪಿಗೆ ಎರಡು ಪೆಟ್ಟಿಗೆ ಹಾಕಿದ. ಒಂದರಲ್ಲಿ ಕೆಂಪು, ಒಂದರಲ್ಲಿ ತಾಮ್ರ.

"ಕೆಂಪಿಂದೇ ಇಡು ಮೇಜಿನ ಮೇಲೆ," ಎಂದಳು ಸಿಗ್ನೆ, ದಾರಿಯಲ್ಲಿ. "ವರ್ಷವೆಲ್ಲ ಬಡಾಯಿ ಕೊಚ್ಚಿದೀಯ. ನನಗೋಸ್ಕರ ಊರ ಮುಂದೆ ಮಂಗ ಆಗ್ಬೇಡ."

"ಯಾರು ಮಂಗ ಆಗ್ತಾರೆ? ನನ್ನ ಕೈಗೆ ಕಡಲೆಕಾಯಿ ಕೊಟ್ರೂ ಗೆಲ್ತೀನಿ."

ಮೇಜಿನ ಮಾತು ಬಂದದ್ದಕ್ಕೆ ಕಾರಣವಿತ್ತು. ಡ್ರೈ ಫೋರ್ಕಿನ ಕ್ಲಬ್ಬಿನಲ್ಲಿ ಹಿಂದಿನಿಂದ ಒಂದು ಕಟ್ಟಳೆ: ಪಂದ್ಯದ ದಿನ ಪ್ರತಿಯೊಬ್ಬರೂ ಒಂದೇ ಪೆಟ್ಟಿಗೆಯನ್ನು ಮೇಜಿನ ಮೇಲಿಡಬೇಕು, ಗುಂಡು ಹಾರುತ್ತಿದೆ ಎಂದು ಸಾರುವ ಬಾವುಟ ಇಳಿಯುವವರೆಗೆ ಅದರಿಂದಲೇ ಹೊಡೆಯಬೇಕು. ಬೇರೆ ತೋಟಾ ಇದ್ದರೆ ಅದು ವಾಹನದಲ್ಲೇ ಇರಬೇಕು. ಬಾವುಟ ಇಳಿದರೆ ಎಲ್ಡನ್‌ನ ಹಸುಗಳು ಗುರಿಮೈದಾನದ ಮೇಲೆಯೇ ಮನೆಗೆ ಹೊರಡುತ್ತವೆ. ಅವು ಗಡಿಯಾರವನ್ನು ನಂಬುವುದಿಲ್ಲ, ಬಾವುಟವನ್ನು ಮಾತ್ರ ನಂಬುತ್ತವೆ. ಹಾಗಾಗಿ ಪಂದ್ಯಕ್ಕೆ ಕೆಂಪು, ಪಂದ್ಯ ಮುಗಿದ ಮೇಲೆ ಅಕ್ಕನಿಗೆ ತಾಮ್ರ ಎಂಬ ಉಪಾಯ ನಡೆಯುವಂತಿರಲಿಲ್ಲ. ಹೊಗೆಯ ದೆಸೆಯಿಂದ ಪಂದ್ಯವನ್ನು ಈ ಸಲ ಮಧ್ಯಾಹ್ನಕ್ಕೆ ಮುಂದೂಡಿದ್ದರು. ಕೊನೆಯ ಸುತ್ತಿನ ಹೊತ್ತಿಗೆ ಸೂರ್ಯ ಸರಿಯಾಗಿ ಬೆನ್ನಿಗೆ ಬರುತ್ತಿದ್ದ.

ಮೇಜಿನ ಹಿಂದೆ ಕ್ಲಬ್ಬಿನ ಕಾರ್ಯದರ್ಶಿ ಡಾರ್ಲಾ ಕೂತಿದ್ದಳು. ಎಲ್ಡನ್ ತನ್ನ ಪೆಟ್ಟಿಗೆಯಿಟ್ಟು ಪಕ್ಕದಲ್ಲೇ ನಿಂತಿದ್ದ. ಆರ್ವಿಡ್ ಎರಡು ಪೆಟ್ಟಿಗೆಯನ್ನೂ ಎರಡು ಕೈಯಲ್ಲಿ ಹಿಡಿದು ಬಂದ.

"ಒಂದೇ ಆರ್ವಿಡ್," ಎಂದಳು ಡಾರ್ಲಾ.

"ಗೊತ್ತಮ್ಮ. ನಾನು ಈ ಕಟ್ಟಳೆ ಮಾಡಿದವರ ತಾತನಿಗಿಂತ ಹಳಬ."

ಎಡಗೈಯಲ್ಲಿ ಟರ್ಕಿಯಿತ್ತು, ಒಂದು ವರ್ಷದ ಮಾತೆಲ್ಲ ಆ ಪೆಟ್ಟಿಗೆಯಲ್ಲೇ ಭಾರವಾಗಿ ಕೂತಿತ್ತು. ಸಿಗ್ನೆ ಪಿಕಪ್ಪಿನ ಪಕ್ಕ ನಿಂತು ಮುಖವನ್ನು ಸ್ವಲ್ಪ ಓರೆ ಮಾಡಿ ಆಕಾಶದ ಅಂಚನ್ನು ನೋಡುತ್ತಿದ್ದಳು, ನಡುವಿಲ್ಲದ ಆಕಾಶವನ್ನು. ಆರ್ವಿಡ್ ಬಲಗೈಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

ಎಲ್ಡನ್ ಮುಚ್ಚಳ ತೆರೆದು ಇಣುಕಿ ಸಿಳ್ಳೆ ಹಾಕಿದ. "ಏನಯ್ಯ ಇದು, ಮದುವೆಗೆ ಹೊರಟ್ಯಾ? ಗಿಲೀಟು ಒಡವೆ ಎಲ್ಲ ತಂದಿದೀಯ."

"ನಿನ್ನ ಕೆಂಪು ಹಸು ನೋಡಿ ನೋಡಿ ಕೆಂಪು ಬಣ್ಣ ಸಾಕಾಯ್ತು."

"ಟರ್ಕಿ ಜೊತೆ ನಂಚ್ಕೊಳ್ಳೋಕೆ ಕ್ರ್ಯಾನ್‌ಬೆರಿ ಹಣ್ಣೂ ತಗೊಂಡಿದ್ಯಂತೆ? ನಮ್ಮನೆಗೆ ಕಳಿಸ್ಬಿಡು. ಹಾಳಾಗ್ಬಾರ್ದು."

ಸುತ್ತ ನಿಂತವರು ನಕ್ಕರು. ಆರ್ವಿಡ್ ಕೆಂಪು ಪೆಟ್ಟಿಗೆಯನ್ನು ತಿರುಗಿ ಪಿಕಪ್ಪಿಗೆ ಒಯ್ದ. ಸಿಗ್ನೆ ಅವನನ್ನು ನೋಡಲಿಲ್ಲ. ನೋಡಿದ್ದರೂ ಕಿವಿಗಳಷ್ಟೇ ಕಾಣುತ್ತಿದ್ದವು, ಅವು ಕೆಂಪಗಿದ್ದವು.

ಮಧ್ಯಾಹ್ನವಿಡೀ ಆರ್ವಿಡ್ ಸೋತ. ತಾಮ್ರ ತಟ್ಟೆಯಗಲ ಹರಡಿತು, ಎಲ್ಡನ್ ಬಿಸ್ಕತ್ತಿನಗಲ ಪೇರಿಸಿದ. ಕೊನೆಯ ಸುತ್ತು ಬರುವ ಹೊತ್ತಿಗೆ ಆರ್ವಿಡ್ ಎಷ್ಟು ಹಿಂದಿದ್ದನೆಂದರೆ ಗೆಲ್ಲಬೇಕಾದರೆ ಮುಂದಿನ ವರ್ಷದ ಅಂಕವನ್ನೂ ಸಾಲ ತರಬೇಕಿತ್ತು. ಅಷ್ಟರಲ್ಲಿ ಸೂರ್ಯ ಇಳಿದು ಬೆನ್ನಿಗೆ ಬಂದ. ಎದುರಿನ ಗುಡ್ಡ ಒಂದು ಒಂಟಿ ಮೋಡದ ನೆರಳು ಹೊದ್ದು ಕಡುನೀಲಿಯಾಯಿತು. ಬೆಳಕೆಲ್ಲ ಗಾಳಿಯಲ್ಲೇ ಉಳಿಯಿತು.

ಸಿಗ್ನೆ ಅವನ ಬಲಭುಜದ ಹಿಂದೆ ಬಂದು ನಿಂತಳು. ಆರ್ವಿಡ್ ಹೊಡೆದ.

"ಕಾಣ್ತಾ?"

"ಇಲ್ಲ."

ಎರಡನೆಯದು. ಮೂರನೆಯದು. ಅವಳು ತಲೆಯಾಡಿಸಿದಳು. "ಗುರಿ ಎಲ್ಲಿದ್ಯೋ ಅಲ್ಲೇ ಆ ಬೂದು ಕಲೆ ಕೂತಿದೆ ಕಣೋ. ಎಲ್ಲ ಅದರೊಳಗೆ ಹೋಗ್ತಿದೆ."

ಆರ್ವಿಡ್ ರಿವಾಲ್ವರ್ ಇಳಿಸಿದ. ಒಂದು ಟರ್ಕಿ, ಒಂದು ವರ್ಷದ ಮಾನ ಎಲ್ಲ ಕೊಟ್ಟು ಕೊಂಡದ್ದು ಬೂದಿಯೊಳಗೆ ಹೋಗುತ್ತಿತ್ತು. ಆಗ ಪಕ್ಕದಲ್ಲಿ ನಿಂತು ಹೊಡೆಯುತ್ತಿದ್ದ ಎಲ್ಡನ್ ಸಣ್ಣ ದನಿಯಲ್ಲಿ ಕೇಳಿದ. ಅವನೂ ಒಂದು ಕಾಲಕ್ಕೆ ಸಿಗ್ನೆಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವನೇ.

"ಸಿಗ್ನಕ್ಕ, ನೀವು ಬಸ್ಸು ಓಡ್ಸೋವಾಗ ರಸ್ತೆ ನೋಡ್ತಾನೇ ಹಿಂದೆ ನಾವು ಏನು ಮಾಡ್ತಿದೀವಿ ಅಂತ ಹೇಳ್ತಿದ್ರಲ್ಲ. ಹೆಂಗೆ?"

ಸಿಗ್ನೆ ಮುಖವನ್ನು ಗುರಿಯಿಂದ ಆಚೆಗೆ, ಒಂದು ಒಂಟಿ ಪೊದೆಯ ಕಡೆಗೆ ತಿರುಗಿಸಿದಳು. "ಕಣ್ಣಂಚಲ್ಲಿ," ಎಂದಳು. "ಹೊಡಿ ತಮ್ಮಾ."

ಆರ್ವಿಡ್ ಹೊಡೆದ.

ಅವಳು ಕೂಗಲಿಲ್ಲ. ಅವನ ತೋಳಿನ ಮೇಲೆ ಅವಳ ಕೈ ಬಂದು ಕೂತಿತು, ಅಷ್ಟೆ.

"ಅದು ನೇರ ಹೋಗಲ್ಲ ಕಣೋ. ಏರಿ, ಬಾಗಿ, ಇಳಿಯುತ್ತೆ. ಯಾರೋ ಕೆಂಡದ ಕಾಳೊಂದನ್ನ ಮೆತ್ತಗೆ ಎಸೆದ ಹಾಗೆ. ಎಷ್ಟು ನಿಧಾನ... ಅಷ್ಟು ಸದ್ದು ಮಾಡಿ ಹೊರಟದ್ದು ಅಷ್ಟು ಸದ್ದಿಲ್ಲದೆ ಹೋಗುತ್ತೆ."

ಆ ಮಾತು ಕೇಳಿ ಡಾರ್ಲಾ ಮೇಜು ಬಿಟ್ಟು ಬಂದಳು. ಹೊಡೆದು ಮುಗಿಸಿದವರೆಲ್ಲ ಬಂದರು. ಐದನೆಯದಕ್ಕೆ ಊರೇ ಆರ್ವಿಡ್‌ನ ಹಿಂದೆ ನಿಂತು ಕತ್ತು ಓರೆ ಮಾಡಿತ್ತು. ಗುಂಡು ಹಾರಿತು, ಒಟ್ಟಿಗೆ ಒಂದು ಉಸಿರು ಒಳಗೆ ಹೋಯಿತು. ಆ ಉಸಿರಿನ ಸೆಳೆತಕ್ಕೆ ಬೇಲಿಯ ಕಂಬಗಳು ಮೊದಲ ಸಲ ಪಶ್ಚಿಮಕ್ಕೆ ಬಾಗಿದವೆಂದು ಇವತ್ತಿಗೂ ಹೇಳುತ್ತಾರೆ. ಆರನೆಯದು ಹಾರಿದಾಗ ಯಾರೂ ಅಂಕ ಬರೆಯಲಿಲ್ಲ. ಟರ್ಕಿ ಎಲ್ಡನ್‌ಗೆ ಹೋಯಿತು. ಅವನಿಗೂ ಅದರ ನೆನಪಿರಲಿಲ್ಲ.

"ನೋಡಿದ್ಯಾ ಅಕ್ಕ? ನಾನು ಹೇಳಿರ್ಲಿಲ್ವಾ, ಸಾವಿರ ಸಲ..."

ಸಿಗ್ನೆ ತಲೆ ಓರೆ ಮಾಡಿ ಅವನ ಮುಖವನ್ನು ಕಣ್ಣಂಚಿನಲ್ಲಿ ನೋಡಿದಳು. ಈ ತಿಂಗಳುಗಳಲ್ಲಿ ಮೊದಲ ಸಲ ಅವನ ಬಾಯಿಯೂ ಕಂಡಿತು.

"ಜನ್ಮವೆಲ್ಲ ನೀನು ರಿವಾಲ್ವರ್ ಹಿಂದೇನೇ ಇದ್ದೆ. ನಳಿಗೆ ತುದಿಯ ಗುರಿಮೊಳೆಯಿಂದಾಚೆ ಏನು ಕಂಡಿರ್ತೀಯ?" ಎಂದು ಕೈ ಚಾಚಿದಳು. "ಕೊಡು ಇಲ್ಲಿ. ಪೆಟ್ಟಿಗೇಲಿ ತೋಟಾ ಉಳಿದಿದೆ. ಬಾವುಟ ಇನ್ನೂ ಮೇಲಿದೆ."

ಡಾರ್ಲಾ ಬಾವುಟದ ಹಗ್ಗದಿಂದ ಕೈ ತೆಗೆದಳು. ಎಲ್ಡನ್ ಒಂದು ತೋಟಾ ತುಂಬಿ ಕೊಟ್ಟು, ಸಿಗ್ನೆಯ ಪಕ್ಕ ನಿಂತು ಅವಳ ಮುಂಗೈಗೆ ಕೈ ಕೊಟ್ಟ. "ಗುಡ್ಡ ನಿಮ್ಮ ಬಸ್ಸಿಗಿಂತ ದೊಡ್ಡದಿದೆ ಸಿಗ್ನಕ್ಕ, ತಪ್ಪಲ್ಲ. ಚೂರು ಎಡಕ್ಕೆ. ಹಾಂ, ಅಷ್ಟೆ."

ಆರ್ವಿಡ್ ಅವಳ ಬಲಭುಜದ ಹಿಂದೆ ನಿಂತ. ಅವನಿಗೆ ತಿಳಿದಂತೆ, ಅವನ ಕೈಯಲ್ಲಿ ಏನೂ ಇಲ್ಲದೆ ಅವನು ಆ ಮೈದಾನದಲ್ಲಿ ನಿಂತದ್ದು ಅದೇ ಮೊದಲು.

ಗುಂಡು ಸಿಡಿಯಿತು. ಹೊಗೆಯಿಂದ ಅದು ಹೊರಬಂತು, ಅವನೇ ಟೋಪಿ ತೊಡಿಸಿದ ತಾಮ್ರದ ಹನಿ. ಇಳಿಬಿಸಿಲು ಅದರ ಬುಡಕ್ಕೆ ತಾಗಿ ಹೊತ್ತಿಕೊಂಡಿತು. ಕಡುನೀಲಿ ಗುಡ್ಡದ ಮುಂದೆ ಅದು ಒಂಟಿ ಕಿಡಿಯಾಗಿ ಏರಿತು, ತುದಿಯಲ್ಲಿ ಒಂದು ಚಣ ತೂಗಿತು, ತನ್ನಷ್ಟಕ್ಕೆ ಬಾಗಿ ಮಣ್ಣಿಗೆ ಇಳಿಯಿತು. ದೂರದಲ್ಲಿ ಸಣ್ಣ ಧೂಳೊಂದು ಎದ್ದು, ಬೆಳಕಿಗೆ ಬಂದು, ಬಂಗಾರವಾಗಿ, ಕರಗಿತು.

"ಕಾಣ್ತಾ?" ಎಂದಳು ಸಿಗ್ನೆ, ತಿರುಗದೆ.

ಎಲ್ಲರೂ ಆರ್ವಿಡ್ ಏನು ಹೇಳುತ್ತಾನೆಂದು ಕಾದರು. ಡಾರ್ಲಾ ಬಾವುಟ ಇಳಿಸಿದಳು. ಹಸುಗಳು ಒಂದರ ಹಿಂದೊಂದು ಬಂದು ಗುರಿಗಳ ನಡುವೆ ಹಾದು, ಅವನನ್ನು ಸುತ್ತಿ ಬಳಸಿ ಮನೆಗೆ ಹೋದವು. ಅವನು ಗುಡ್ಡದ ಕಡೆಯೇ ನೋಡುತ್ತ ನಿಂತಿದ್ದ. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅವನಿಗೆಂದು ಪಕ್ಕಕ್ಕೆ ಸರಿದು ನಿಂತಿದ್ದ ಗಾಳಿ, ಕಾದು ಕಾದು, ಕೊನೆಗೆ ತಾನೇ ಬೀಸತೊಡಗಿತು.